ಬಾಳೆಯ ಕಂಬ, ಉಕ್ಕಿನ ಕುಲುಮೆ

ವಿಜಯನಗರದ ಅರಸರು ತೋಡಿಸಿದ ಕಾಲುವೆಗಳು ಇಂದಿಗೂ ನೀರುಣಿಸುತ್ತಿರುವ ಹಂಪಿ, ಕಂಪ್ಲಿಗಳ ತೋಟಗಳಲ್ಲಿ ಗೊನೆ ಕಡಿದ ಬಾಳೆಯ ಕಂಬವು ಬದುವಿನ ಮೇಲೆ ಕೊಳೆತುಹೋಗುವುದನ್ನೂ, ಸಂಡೂರು ಸೀಮೆಯ ತೋರಣಗಲ್ಲಿನ ಉಕ್ಕಿನ ಕುಲುಮೆಗಳು ಹಗಲಿರುಳೂ ಕಲ್ಲಿದ್ದಲನ್ನು ನುಂಗುವುದನ್ನೂ ಕಂಡವನಿಗೆ, ಈ ಕೊಳೆಯುವ ವಸ್ತುವಿನಿಂದಲೇ ಆ ಕುಲುಮೆಗೆ ಕಲ್ಲಿದ್ದಲಿನ ಬದಲು ಜಲಜನಕವನ್ನು ಒದಗಿಸಬಾರದೇಕೆ ಎಂಬ ಆಸೆ ಹುಟ್ಟುವುದು ಸಹಜವೇ ಸರಿ.

ಆಸೆಗೆ ಶಾಸ್ತ್ರದ ಆಧಾರವುಂಟು. ಗಾಳಿ ಸೋಕದ ತೊಟ್ಟಿಯಲ್ಲಿ ಸಕ್ಕರೆಯಂಶವನ್ನುಂಡು ಬಾಳುವ ಕ್ಲಾಸ್ಟ್ರಿಡಿಯಂ ಎಂಬ ಸೂಕ್ಷ್ಮಜೀವಿಯು, ತನ್ನಲ್ಲಿ ಮಿಕ್ಕ ಎಲೆಕ್ಟ್ರಾನುಗಳನ್ನು ಕಳೆದುಕೊಳ್ಳುವ ಸಲುವಾಗಿ ಅವನ್ನು ಪ್ರೋಟಾನುಗಳೊಡನೆ ಕೂಡಿಸಿ ಜಲಜನಕವಾಗಿ ಹೊರದೂಡುತ್ತದೆ. ಈ ಕಾರ್ಯವನ್ನೆಸಗುವ ಕಿಣ್ವವನ್ನು 1931ರಲ್ಲಿ ಕೇಂಬ್ರಿಜ್ಜಿನ ಮಾರ್ಜರಿ ಸ್ಟೀಫನ್‌ಸನ್ ಮತ್ತು ಸ್ಟಿಕ್‌ಲ್ಯಾಂಡರು ಗುರುತಿಸಿ ಹೈಡ್ರೋಜಿನೇಸ್ ಎಂದು ಹೆಸರಿಟ್ಟರು. ನಮ್ಮ ಗೋಬರ್ ಗ್ಯಾಸಿನ ತೊಟ್ಟಿಯಲ್ಲಿಯೂ ಜಲಜನಕ ಹುಟ್ಟುವುದುಂಟು. ಆದರೆ ಮೀಥೇನು ಮಾಡುವ ಜೀವಿಗಳು ಅದನ್ನು ಅಲ್ಲಿಯೇ ಕಬಳಿಸಿಬಿಡುತ್ತವೆ. ಆದಕಾರಣ ಜಲಜನಕವೇ ಬೇಕೆಂದಾಗ ಆ ತೊಟ್ಟಿಯ ಬಗ್ಗಡವನ್ನು ಮೊದಲು ಕಾಯಿಸುತ್ತಾರೆ: ಆ ಜೀವಿಗಳು ಸಾಯುತ್ತವೆ, ಕ್ಲಾಸ್ಟ್ರಿಡಿಯಂ ಮಾತ್ರ ಬೀಜಕದ ಕವಚದೊಳಗೆ ಅಡಗಿ ಉಳಿಯುತ್ತದೆ.

ಲೆಕ್ಕವಾದರೋ ಬಹು ನಿಷ್ಠುರವಾದದ್ದು. ಒಂದು ಕಿಲೋ ಗ್ಲೂಕೋಸಿನಿಂದ ಹೀಗೆ ದೊರೆಯಬಹುದಾದ ಜಲಜನಕ, ಪರಮಾವಧಿಯೆಂದರೆ, 45 ಗ್ರಾಂ. ಅದರಲ್ಲಿ ಅರ್ಧ ಕೈಗೆ ಹತ್ತಿದರೆ ಪುಣ್ಯ. ಉಳಿದ ಶಕ್ತಿಯ ಬಹುಭಾಗ ಅಸಿಟಿಕ್, ಬ್ಯುಟಿರಿಕ್ ಆಮ್ಲಗಳ ರೂಪದಲ್ಲಿ ತೊಟ್ಟಿಯಲ್ಲೇ ನಿಲ್ಲುತ್ತದೆ. ಅದಿರಿನಿಂದ ಒಂದು ಟನ್ ಕಬ್ಬಿಣವನ್ನು ಬಿಡಿಸಲು ಬೇಕಾದ ಜಲಜನಕ ಕನಿಷ್ಠ 54 ಕಿಲೋ. ಅಂದರೆ ಕಬ್ಬಿಣದ ತೂಕಕ್ಕೆ ಎರಡು ಪಟ್ಟಿಗೂ ಮಿಗಿಲಾದ ಸಕ್ಕರೆ! ವರ್ಷಕ್ಕೆ ಕೋಟಿ ಟನ್ನಿಗೂ ಹೆಚ್ಚು ಉಕ್ಕು ಕರಗಿಸುವ ತೋರಣಗಲ್ಲಿನ ಹಸಿವನ್ನು, ನೂರಕ್ಕೆ ತೊಂಬತ್ತು ಪಾಲು ನೀರೇ ಆಗಿರುವ ಬಾಳೆಕಂಬ ಎಂದಿಗೆ ತಣಿಸೀತು? ಆ ಕುಲುಮೆಗೆ ಬೇಕಾದ ಜಲಜನಕ ಬಿಸಿಲು ಗಾಳಿಗಳ ವಿದ್ಯುತ್ತಿನಿಂದ ನೀರನ್ನು ವಿಭಜಿಸಿಯೇ ಬರಬೇಕು.

ಒಣಗಿದ ಕಬ್ಬಿನ ರವದಿಯ ಮಾತು ಬೇರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಸೂಕ್ಷ್ಮಜೀವಿಗಳನ್ನು ನೆಚ್ಚದೆ, ಒಣ ಜೈವಿಕ ವಸ್ತುವನ್ನು ಆಮ್ಲಜನಕ ಹಾಗೂ ಉಗಿಯೊಡನೆ ಉರಿಸಿ ಅನಿಲವಾಗಿಸಿ, ಕಿಲೋ ಒಂದಕ್ಕೆ 100 ಗ್ರಾಂ ಜಲಜನಕವನ್ನು ಪಡೆದಿದ್ದಾರೆ. ಅದರಲ್ಲೊಂದು ಪಾಲು ಉಗಿಯದೇ ಎಂಬುದನ್ನು ಮರೆಯಲಾಗದು.

ಹಸಿ ಕಸಕ್ಕೆ ನನಗೆ ಯುಕ್ತವಾಗಿ ತೋರುವುದು ಎರಡು ತೊಟ್ಟಿಗಳ ಏರ್ಪಾಡು: ಮೊದಲನೆಯದರಲ್ಲಿ ಜಲಜನಕ, ಅಲ್ಲುಳಿದ ಆಮ್ಲಗಳಿಂದ ಎರಡನೆಯದರಲ್ಲಿ ಮೀಥೇನು, ಕೊನೆಗುಳಿದ ಬಗ್ಗಡ ತೋಟಕ್ಕೆ ಗೊಬ್ಬರ. ಎರಡನೆಯ ತೊಟ್ಟಿಯ ವಿದ್ಯೆ ನಮ್ಮ ರೈತರಿಗೆ ಹಳೆಯದು. ಹೊಸಪೇಟೆಯ ಮಾರುಕಟ್ಟೆಗೂ ಕಂಪ್ಲಿಯ ತೋಟಗಳಿಗೂ ಮೊದಲು ಅದನ್ನೇ ಕಟ್ಟಿಸುವುದು ಲೇಸು. ಜಲಜನಕದ ತೊಟ್ಟಿಯು, ತನ್ನ ಖರ್ಚನ್ನು ತಾನೇ ಹೊರುವಂತಾದ ದಿನ, ಅದರ ಪಕ್ಕಕ್ಕೆ ಬರಲಿ.