ತಳಿ ಥಾಲಿಯಾಗದಿರಲಿ

ಮಂಗಳೂರಿಗೆ ಬ್ಯಾರಿಯಲ್ಲಿ ಮೈಕಾಲ, ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ. ಒಂದೂರಿಗೆ ನಾಲ್ಕು ಹೆಸರಿದ್ದರೆ ನಮ್ಮ ಕಡೆಯವರಿಗೆ ಅದೇನೂ ವಿಶೇಷವಲ್ಲ. ಕೆಲಸಕ್ಕೆಂದು ಹೊಸೂರಿಗೆ ಬಂದ ಮೇಲೆ ಇಲ್ಲಿಯೂ ಅದೇ ಕಂಡೆ. ತಮಿಳಿನಲ್ಲಿ ಬರೆಯುವಾಗ ಇದು ಓಸೂರ್. ಕನ್ನಡದವರ ಬಾಯಲ್ಲಿ ಹೊಸೂರು. ಹೊಸ ಊರು ಎಂಬ ಅರ್ಥ ಅಲ್ಲೇ ಕೇಳಿಸುತ್ತದೆ.

ಇಂಥ ಹೆಸರುಗಳು ಯಂತ್ರದ ಕೈಗೆ ಸಿಕ್ಕಾಗಲೇ ತೊಂದರೆ. ತಮಿಳು ಲಿಪಿಯಲ್ಲಿ ಪ-ಬ ಎರಡಕ್ಕೂ ಒಂದೇ ಅಕ್ಷರ, ಕ-ಗ ಎರಡಕ್ಕೂ ಒಂದೇ. ಅಕ್ಷರಕ್ಕೆ ಅಕ್ಷರ ಬದಲಿಸಿದರೆ ಬಾಗಲೂರು ಪಾಕಲೂರ್ ಆಗುತ್ತದೆ. ಇಂಗ್ಲಿಷ್ ಕಾಗುಣಿತ ನೋಡಿ ಬರೆದರೆ ತಳಿ ಎಂಬ ಊರು ಥಾಲಿಯಾಗಿ ಊಟದ ತಟ್ಟೆಗೆ ಬರುತ್ತದೆ. ಇದನ್ನು ಸರಿಪಡಿಸಬಲ್ಲವರು ಊರಿನವರೇ. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ಭೂಪಟದಲ್ಲಿ ಖಾತೆ ತೆರೆದ ಯಾರು ಬೇಕಾದರೂ ತಿದ್ದಬಹುದು. (ಅದು ಶುರುವಾದದ್ದು 2004ರಲ್ಲಿ, ಧರ್ಮಪುರಿಯಿಂದ ಕೃಷ್ಣಗಿರಿ ಜಿಲ್ಲೆ ಬೇರೆಯಾದದ್ದೂ ಅದೇ ವರ್ಷ.) ತಮಿಳು ಹೆಸರನ್ನು ಅಳಿಸುವ ಮಾತೇ ಇಲ್ಲಿಲ್ಲ. ಅದು ಇದ್ದಲ್ಲೇ ಇರುತ್ತದೆ. ಕನ್ನಡದ ಹೆಸರಿಗೆ ಪ್ರತ್ಯೇಕ ಜಾಗವಿದೆ, ಅಲ್ಲಿ ಒಂದು ಸಾಲು ಸೇರಿಸಿದರಾಯಿತು.

ತಳಿ ಕಡೆಯ ಒಬ್ಬ ಕಾಲೇಜು ಹುಡುಗ ನನಗೆ ಪರಿಚಯ. ಮನೆಮಾತು ಕನ್ನಡ, ಓದಿದ್ದು ತಮಿಳಿನಲ್ಲಿ. ಅಜ್ಜಿಯನ್ನು ಕೇಳಿ ಕೇಳಿ ಸುತ್ತಲಿನ ಹಳ್ಳಿ, ಕೆರೆ, ಗುಡ್ಡಗಳ ಹೆಸರನ್ನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಟ್ಟಿದ್ದ. ಒಂದು ತರಬೇತಿಯಲ್ಲಿ ಅವನಿಗೆ ಜೆಒಎಸ್‌ಎಂ ಎಂಬ ನಕ್ಷೆ ತಿದ್ದುವ ಉಚಿತ ತಂತ್ರಾಂಶ ಹಾಕಿಕೊಟ್ಟು, ಐಕಾನ್ ಒತ್ತುವುದನ್ನು ಕಲಿಸಿ ಕಳಿಸಿದ್ದರು. ಮನೆಗೆ ಬಂದು ಒತ್ತಿದರೆ ತೆರೆಯುತ್ತದೆ, ಉಪಗ್ರಹ ಚಿತ್ರ ಹಾಕಿ ಸ್ವಲ್ಪ ಆಚೀಚೆ ಸರಿಸುವಷ್ಟರಲ್ಲಿ ಸ್ತಬ್ಧ. ಹೀಗೆ ನಾಲ್ಕೈದು ಸಲವಾದ ಮೇಲೆ, ನನ್ನ ಕಂಪ್ಯೂಟರಿಗೆ ಇದು ಆಗೋದಿಲ್ಲ ಎಂದು ಬಿಟ್ಟೇಬಿಟ್ಟ. ಕ್ಯಾಲೆಂಡರ್ ಅಟ್ಟ ಸೇರಿತು.

ನಾನು ಕಪ್ಪು ಕಿಟಕಿ ತೆರೆದು ಅದೇ ತಂತ್ರಾಂಶವನ್ನು ಅಲ್ಲಿಂದ ಚಾಲೂ ಮಾಡಿದೆ. ಮತ್ತೆ ನಿಂತಿತು. ಆದರೆ ಈ ಸಲ ನಿಂತದ್ದೇಕೆಂದು ಹೇಳಿ ನಿಂತಿತು: ಮೆಮೊರಿ ಸಾಲದು. ಜಾವಾ ತಂತ್ರಾಂಶಗಳು ನಾವು ಏನೂ ಹೇಳದಿದ್ದರೆ ಕಂಪ್ಯೂಟರಿನ ಮೆಮೊರಿಯಲ್ಲಿ ಸುಮಾರು ಕಾಲು ಭಾಗವನ್ನಷ್ಟೇ ಬಳಸುತ್ತವೆ. ಅವನದು 4 ಜಿಬಿ, ಸಿಕ್ಕಿದ್ದು 1 ಜಿಬಿ. ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಸಾಲು ಬರೆದೆವು: ಜಾವಾ, ಜಾಗ ಬಿಟ್ಟು -ಎಕ್ಸ್‌ಎಂಎಕ್ಸ್2ಜಿ, ಮತ್ತೆ -ಜಾರ್, ಕೊನೆಗೆ ಕಡತದ ಹೆಸರು. 2 ಜಿಬಿ ತಗೋ ಅಂದದ್ದು, ಅಷ್ಟೇ. ಅವತ್ತು ರಾತ್ರಿ ಹನ್ನೊಂದರ ತನಕ ನಿಲ್ಲಲಿಲ್ಲ.

ಕಮಾಂಡ್ ಅಂದರೆ ಮಕ್ಕಳು ಹೆದರುತ್ತಾರೆ, ಮೊದಲು ಐಕಾನ್ ಕಲಿಸೋಣ ಎನ್ನುವವರೊಂದಿಗೆ ನನ್ನ ಜಗಳ ಇದೇ. ಹೊಸ ಲ್ಯಾಪ್‌ಟಾಪ್ ಇರುವವರಿಗೆ ಐಕಾನ್ ಸಾಕು. ಊರಿನ ಹೆಸರು ಗೊತ್ತಿರುವವರ ಬಳಿ ಇರುವುದು ಹೆಚ್ಚಾಗಿ ಯಾರೋ ಬಳಸಿ ಬಿಟ್ಟ ಯಂತ್ರ. ಐಕಾನ್ ಕೆಟ್ಟಾಗ ಮಾತಾಡುವುದಿಲ್ಲ, ಹುಡುಗ ತನ್ನನ್ನೇ ದೂರಿಕೊಳ್ಳುತ್ತಾನೆ. ಕ್ಯೂಜಿಐಎಸ್‌ನಲ್ಲೂ ಇದೇ ಕಥೆ. ಯಾವುದೋ ಪ್ಲಗಿನ್ ಕೆಟ್ಟು ತೆರೆಯದಿದ್ದರೆ, ಹೆಸರಿನ ಮುಂದೆ ಎರಡು ಅಡ್ಡಗೆರೆ ಹಾಕಿ ನೋಪ್ಲಗಿನ್ಸ್ ಎಂದರೆ ಅವನ್ನೆಲ್ಲ ಬದಿಗಿಟ್ಟು ಏಳುತ್ತದೆ. ಇದನ್ನು ಕಲಿಸಲು ಅರ್ಧ ಗಂಟೆ ಬೇಡ.

ಆ ಸಾಲನ್ನು ಹುಡುಗ ಒಂದು ಕಡತದಲ್ಲಿ ಉಳಿಸಿ ಡೆಸ್ಕ್‌ಟಾಪಿನ ಮೇಲೆ ಇಟ್ಟಿದ್ದಾನೆ, ಈಗ ಅದನ್ನೇ ಒತ್ತುತ್ತಾನೆ. ಮತ್ತೆ ಐಕಾನೇ ಆಯಿತಲ್ಲ ಅಂತ ನಕ್ಕೆ. ಇದರ ಒಳಗೆ ಏನಿದೆ ಅಂತ ಗೊತ್ತಲ್ಲಣ್ಣ, ಅಂದ. ಕ್ಯಾಲೆಂಡರಿನ ಹೆಸರುಗಳು ಹೆಚ್ಚುಕಡಿಮೆ ಎಲ್ಲ ಭೂಪಟ ಸೇರಿವೆ. ಒಂದು ಕೆರೆಯದು ಮಾತ್ರ ಬಾಕಿ: ಅಜ್ಜಿ ಹೇಳುವುದು ಒಂದು ಹೆಸರು, ಪಕ್ಕದ ಮನೆಯ ಮುದುಕರು ಹೇಳುವುದು ಇನ್ನೊಂದು.