ಬೀದಿಗೂ ಒಂದು ಬೆನ್ನಿದೆ

ಬೆಂಗಳೂರಿನ ಹಾಸ್ಟೆಲಿನಲ್ಲಿದ್ದು ಓದಿದವರಿಗೆ ಅವೆನ್ಯೂ ರಸ್ತೆ ಗೊತ್ತಿಲ್ಲದೆ ಇರಲ್ಲ. ಸ್ಕಾಲರ್‌ಶಿಪ್ ತಡವಾದಾಗ ಕಡಿಮೆ ಕಾಸಿಗೆ ಹಳೇ ಪುಸ್ತಕ ಕೊಟ್ಟು ನಮ್ಮ ಮಾನ ಕಾಯೋ ಬೀದಿ ಅದು. ಮೈಸೂರು ಬ್ಯಾಂಕ್ ಸರ್ಕಲ್ಲಿನಿಂದ ಸಿಟಿ ಮಾರ್ಕೆಟ್‌ವರೆಗೆ ಜನ ಒಬ್ಬರನ್ನೊಬ್ಬರು ನೂಕಿಕೊಂಡೇ ನಡೀತಾರೆ. ಮೈಗೆ ಮೈ ತಾಗಿದರೆ ಯಾರೂ ಜಾತಿ ಕೇಳಲ್ಲ. ಹಾಗಂತ ಆ ಬೀದಿಗೆ ಜಾತಿಯೇ ಇಲ್ಲ ಅಂತ ತಿಳಿಯಬೇಡಿ.

ಅದರ ಹಳೇ ಹೆಸರು ದೊಡ್ಡಪೇಟೆ. 1537ರಲ್ಲಿ ಕೆಂಪೇಗೌಡರು ಊರು ಕಟ್ಟಿಸುವಾಗ, ದೊಡ್ಡಪೇಟೆ ಚಿಕ್ಕಪೇಟೆ ಕೂಡುವ ಚೌಕದಲ್ಲಿ ಎತ್ತು ಹೂಡಿ ನಾಲ್ಕು ದಿಕ್ಕಿಗೂ ಗೆರೆ ಎಳೆಸಿದರು, ಆ ಗೆರೆಗಳೇ ಬೀದಿಗಳಾದವು ಎಂದು ಐತಿಹ್ಯ. ನೇಗಿಲು ಹಿಡಿದವರ ಕಥೆ ಎಲ್ಲರೂ ಹೇಳ್ತಾರೆ. ನೊಗಕ್ಕೆ ಬಿಗಿದ ಚರ್ಮದ ಮಿಣಿ ಯಾರ ಕೈಯಲ್ಲಿ ಹದವಾಯಿತು ಅಂತ ಒಬ್ಬರೂ ಕೇಳಲ್ಲ.

ಸುತ್ತಲಿನ ಬೋರ್ಡುಗಳನ್ನು ಓದಿ ನೋಡಿ. ಕುಂಬಾರಪೇಟೆ, ಗಾಣಿಗರಪೇಟೆ, ಉಪ್ಪಾರಪೇಟೆ, ತಿಗಳರಪೇಟೆ. ಕಸುಬೇ ಹೆಸರು, ಜಾತಿಯೇ ವಿಳಾಸ. ಕೆಳಗೆ ಅಂಗಡಿ, ಮೇಲೆ ಮನೆ, ಗೋಡೆಗೆ ಗೋಡೆ ಅಂಟಿದ ಸಾಲು. ಆ ಗಲ್ಲಿಗಳನ್ನು ನಾನು ಎಷ್ಟೋ ಸಲ ಸುತ್ತಿದ್ದೀನಿ. ನಮ್ಮವರ ಹೆಸರು ಹೊತ್ತ ಪೇಟೆ ಒಂದೂ ಕಣ್ಣಿಗೆ ಬೀಳಲಿಲ್ಲ. ಹೆಸರಿಲ್ಲ ಅಂದರೆ ನಮ್ಮವರು ಅಲ್ಲಿ ಇರಲೇ ಇಲ್ಲ ಅಂತಲ್ಲ. ಅವರು ಬರುತ್ತಿದ್ದ ದಾರಿ ಬೇರೆ.

ಆ ದಾರಿ ಕಣ್ಣಿಗೆ ಕಾಣಬೇಕಾದರೆ ಪೇಟೆ ಬಿಟ್ಟು ಹೊಸ ಬಡಾವಣೆಗೆ ಹೋಗಬೇಕು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟಿಗೆ ಹೆದರಿದ ಜನ ಬಸವನಗುಡಿ, ಮಲ್ಲೇಶ್ವರಗಳ ಕಡೆ ಹೊರಟರು. ಅಲ್ಲಿ ನೇರ ರಸ್ತೆ, ಸಾಲುಮರ, ಗಾಳಿ ಬೆಳಕು. ಅದೇ ನಕ್ಷೆಯಲ್ಲಿ ಇನ್ನೊಂದು ಗೆರೆಯೂ ಇತ್ತು. ಎರಡು ಸಾಲು ಮನೆಗಳ ಬೆನ್ನ ನಡುವೆ ಒಂದು ಕಿರುಓಣಿ. ಅದರ ಹೆಸರು ಕನ್ಸರ್ವೆನ್ಸಿ ಲೇನ್. ಕಕ್ಕಸಿನ ಹಿಂದೊಂದು ಕಿಂಡಿ, ಕಿಂಡಿಯೊಳಗೊಂದು ಬಕೆಟ್ಟು. ಅದನ್ನು ಎತ್ತಿ ಹೊರಲು ಬರುವ ಮನುಷ್ಯ ಮುಂಬೀದಿಗೆ ಕಾಣಬಾರದು. ಊರಿನಲ್ಲಿ ನಮ್ಮ ಕೇರಿ ಊರಾಚೆ ಇತ್ತು. ಸಿಟಿಯ ಇಂಜಿನಿಯರು ಅದನ್ನು ಮನೆಯ ಹಿತ್ತಿಲಿಗೆ ತಂದಿಟ್ಟ. ಊರು ಬಿಟ್ಟು ಪಟ್ಟಣ ಸೇರಿ ಅಂತ ಬಾಬಾಸಾಹೇಬರು ಹೇಳಿದರು. ಸೇರಿದೆವು. ಜಾತಿ ನಮಗಿಂತ ಮೊದಲೇ ಬಂದು ಓಣಿಯಲ್ಲಿ ಕಾಯುತ್ತಿತ್ತು.

ನಮ್ಮ ತಾತ ಅಂಥ ಓಣಿಗಳಲ್ಲಿ ದುಡಿದವರು. ಯಾವ ಮನೆ ಮುಂದೆ ಎಂಥಾ ಕೆತ್ತನೆ ಇತ್ತು ಅಂತ ಕೇಳಿದರೆ, "ನಾನೆಲ್ಲಿ ನೋಡಿದೆ ಮಗಾ, ನಂಗೆ ಅವರ ಹಿಂಬಾಗಿಲು ಮಾತ್ರ ಗೊತ್ತು" ಅನ್ನೋರು. ಹಬ್ಬದ ತಂಗಳನ್ನೂ ಅಲ್ಲೇ, ಕೈ ತಾಗದ ಹಾಗೆ ಮೇಲಿಂದ ಹಾಕ್ತಿದ್ದರಂತೆ.

1970ರ ದಶಕದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. 1973ರಲ್ಲಿ ಅವರ 'ಬೂಸಾ' ಎಂಬ ಒಂದು ಮಾತಿಗೆ ಬೀದಿಗಿಳಿದ ಜನ, ತಲೆ ಮೇಲಿನ ಮಲಕ್ಕೆ ಅಷ್ಟು ರೊಚ್ಚಿಗೆದ್ದಿರಲಿಲ್ಲ. ಆಮೇಲೆ 1993ರಲ್ಲಿ ಒಂದು ಕಾಯ್ದೆ, 2013ರಲ್ಲಿ ಇನ್ನೊಂದು. ನಡುವೆ 2010ರಲ್ಲಿ ಸವಣೂರಿನ ಭಂಗಿಗಳು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಬೇಕಾಯಿತು. 2023ರಲ್ಲಿ ಸುಪ್ರೀಂ ಕೋರ್ಟು ಒಳಚರಂಡಿ ಸಾವಿನ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು. ಸಾವು ನಿಂತಿದ್ದರೆ ರೇಟು ಏರಿಸುವ ಕೆಲಸ ಇರುತ್ತಿತ್ತೇ? ಓಣಿ ಮೇಲಿನಿಂದ ಮ್ಯಾನ್‌ಹೋಲಿನ ಒಳಕ್ಕೆ ಇಳಿದಿದೆ, ಅಷ್ಟೆ.

ಈಗ ಹೆರಿಟೇಜ್ ವಾಕ್ ಅಂತ ಹಳೇ ಬೀದಿಗಳ ಕಂಬ, ಕಿಟಕಿ, ಹೆಂಚು ತೋರಿಸ್ತಾರೆ. ಮಲ್ಲೇಶ್ವರದ ಕೆಲವು ಓಣಿಗಳ ಗೋಡೆಗೆ ಚಂದದ ಚಿತ್ರವನ್ನೂ ಬರೆದಿದ್ದಾರೆ. ಬರೀಲಿ, ಬೇಡ ಅನ್ನಲ್ಲ. ಆದರೆ ಈ ಓಣಿ ಯಾಕೆ ಹುಟ್ಟಿತು, ಇಲ್ಲಿ ಯಾರು ನಡೆದರು ಅಂತ ಒಂದು ಬೋರ್ಡನ್ನೂ ನೆಡಿ. ಇದು ನಮ್ಮ ಬೇಡಿಕೆ.

ಹಾಸ್ಟೆಲಿನ ತಮ್ಮಂದಿರೇ, ತಂಗಿಯರೇ, ಆ ಬೋರ್ಡಿಗೆ ಬೇಕಾದ ಮಾತು ಯಾವ ಗೆಜೆಟಿಯರಿನಲ್ಲೂ ಹುಡುಕಬೇಡಿ. ಅದು ನಮ್ಮ ಮುದುಕರ ಬಾಯಲ್ಲಿದೆ. ರಜೆಗೆ ಹೋದಾಗ ಕೂತು ಕೇಳಿ, ನೋಟ್‌ಬುಕ್ಕಿನಲ್ಲಿ ಬರೆದಿಡಿ. ಇನ್ನು ಹತ್ತು ವರ್ಷ ಹೋದರೆ ಕೇಳೋಣ ಅಂದರೂ ಹೇಳೋರು ಇರಲ್ಲ.