ಸಿ.ಡಿ.ಯ ಬೆನ್ನಿಗೆ ಬಣ್ಣ ಬಳಿಯುವ ಮುನ್ನ

ಸಿ.ಡಿ.ಯನ್ನು ಕೈಗೆತ್ತಿಕೊಂಡವರೆಲ್ಲ ಅದರ ಹೊಳೆಯುವ ಮುಖದ ಬಗ್ಗೆ ಎಲ್ಲಿಲ್ಲದ ಎಚ್ಚರ ವಹಿಸುತ್ತಾರೆ. ಬೆರಳು ತಾಗಬಾರದು, ಗೀರು ಬೀಳಬಾರದು ಎಂದು ಅಂಚನ್ನಷ್ಟೇ ಹಿಡಿಯುತ್ತಾರೆ. ಮರುಕ್ಷಣವೇ ಅದನ್ನು ಮೇಜಿನ ಮೇಲೆ ಮಗುಚಿಟ್ಟು, ಇನ್ನೊಂದು ಬದಿಯ ಮೇಲೆ ಬಾಲ್‌ಪೆನ್ನಿನಿಂದ ಒತ್ತಿ ಒತ್ತಿ ಹೆಸರು ಬರೆಯುತ್ತಾರೆ. ಕಾಲೇಜಿನ ಪ್ರಾಜೆಕ್ಟ್ ವರದಿಯ ಹಿಂದಿನ ರಟ್ಟಿಗೆ ಅಂಟಿಸಿದ ಲಕೋಟೆಯೊಳಗಿನ ಸಿ.ಡಿ., ಅಜ್ಜಿಯ ಸಂಪ್ರದಾಯದ ಹಾಡುಗಳನ್ನು ಹಳೆಯ ಕ್ಯಾಸೆಟ್‌ನಿಂದ ಇಳಿಸಿಟ್ಟ ಸಿ.ಡಿ., ಅಕ್ಕನ ಮದುವೆಯ ವಿಡಿಯೊ ತುಂಬಿದ ಸಿ.ಡಿ. ಎಲ್ಲಕ್ಕೂ ಸಿಕ್ಕಿದ್ದು ಇದೇ ಉಪಚಾರ. ನಿಜಕ್ಕೂ ಹೆಚ್ಚು ಜೋಪಾನ ಮಾಡಬೇಕಾದದ್ದು ಹೆಸರು ಬರೆಯುವ ಆ ಬದಿಯನ್ನೇ ಎಂಬುದು ಬಹಳ ಜನರಿಗೆ ಗೊತ್ತಿಲ್ಲ.

ಸಿ.ಡಿ.ಯ ದಪ್ಪ 1.2 ಮಿಲಿಮೀಟರ್. ಅದರ ಬಹುಪಾಲು ಪಾಲಿಕಾರ್ಬೊನೇಟ್ ಎಂಬ ಪಾರದರ್ಶಕ ಪ್ಲಾಸ್ಟಿಕ್. ಮನೆಯಲ್ಲಿ ರೈಟ್ ಮಾಡುವ ಸಿ.ಡಿ.ಯಲ್ಲಿ ಈ ಪ್ಲಾಸ್ಟಿಕ್ಕಿನ ನೆತ್ತಿಯ ಮೇಲೆ ಬಣ್ಣದ ರಾಸಾಯನಿಕವೊಂದರ ಪದರ, ಅದರ ಮೇಲೆ ಬೆಳ್ಳಿಯದೋ ಚಿನ್ನದ್ದೋ ಅತಿ ತೆಳುವಾದ ಕನ್ನಡಿ, ಎಲ್ಲಕ್ಕೂ ಮೇಲೆ ಮೆರುಗೆಣ್ಣೆಯಂಥ ಒಂದು ಲೇಪ. ಈ ಲೇಪ ತಲೆಗೂದಲಿಗಿಂತ ಎಷ್ಟೋ ತೆಳು. ಅಂದರೆ ಹಾಡು, ಚಿತ್ರ, ಪ್ರಬಂಧ ಏನೇ ಇರಲಿ, ಅದೆಲ್ಲ ಕುಳಿತಿರುವುದು ಹೊಳೆಯುವ ಮುಖದ ಹತ್ತಿರವಲ್ಲ, ಹೆಸರು ಬರೆಯುವ ಬದಿಯ ಚರ್ಮದಡಿಯಲ್ಲಿ. ಅದನ್ನು ಓದುವ ಲೇಸರ್ ಕಿರಣ ಕೆಳಗಿನಿಂದ ಪ್ಲಾಸ್ಟಿಕ್ಕನ್ನು ದಾಟಿ ಬರುತ್ತದೆ. ಒಳಹೊಗುವಾಗ ಅದು ಅಗಲವಾಗಿದ್ದು, ಮೇಲೇರುತ್ತ ಮೊನೆಯಾಗುತ್ತದೆ. ಹಾಗಾಗಿ ಹೊಳೆಯುವ ಮುಖದ ಸಣ್ಣಪುಟ್ಟ ಗೀರು ಅದಕ್ಕೆ ಕನ್ನಡಕದ ಗಾಜಿನ ಮೇಲಿನ ಧೂಳಿನಂತೆ, ಕಂಡೂ ಕಾಣದು. ಮೇಲಿನಿಂದ ಬಿದ್ದ ಗೀರು ಹಾಗಲ್ಲ. ಕನ್ನಡಿಯೇ ಕೆತ್ತಿಹೋದರೆ ಕಿರಣ ಮರಳುವುದಿಲ್ಲ. ಹೊಳೆಯುವ ಮುಖವನ್ನು ಉಜ್ಜಿ ನಯಮಾಡಬಹುದು. ಹೋದ ಕನ್ನಡಿಯನ್ನು ಮತ್ತೆ ಕೂಡಿಸಲಾಗದು.

ಡಿ.ವಿ.ಡಿ.ಯ ಹಣೆಬರಹ ಸ್ವಲ್ಪ ವಾಸಿ. ಅದು 0.6 ಮಿಲಿಮೀಟರ್ ದಪ್ಪದ ಎರಡು ಬಿಲ್ಲೆಗಳನ್ನು ಅಂಟಿಸಿದ ಜೋಡಿ. ಮಾಹಿತಿ ನಡುವೆ ಭದ್ರವಾಗಿರುತ್ತದೆ. ಸಿ.ಡಿ.ಗೆ ಆ ಭಾಗ್ಯವಿಲ್ಲ.

ಬಾಲ್‌ಪೆನ್ನು ಬೇಡವೆಂದರೆ ಅಂಟುಚೀಟಿ ಅಂಟಿಸೋಣ ಎನ್ನುವವರುಂಟು. ಒಂದು ಕಾಲಕ್ಕೆ ಗುಂಡನೆಯ ಸ್ಟಿಕ್ಕರ್‌ಗಳ ಕಟ್ಟು ಕಂಪ್ಯೂಟರ್ ಅಂಗಡಿಗಳಲ್ಲಿ ಧಾರಾಳವಾಗಿ ಸಿಗುತ್ತಿತ್ತು. ನೋಡಲು ಚೆಂದ, ಪರಿಣಾಮ ಕೆಟ್ಟದ್ದು. 52 ಪಟ್ಟು ವೇಗದ ಡ್ರೈವ್‌ನಲ್ಲಿ ಸಿ.ಡಿ. ನಿಮಿಷಕ್ಕೆ ಸುಮಾರು 10,000 ಸುತ್ತು ತಿರುಗುತ್ತದೆ. ಚೀಟಿ ಒಂದು ಕೂದಲೆಳೆ ಅತ್ತ ಸರಿದಿದ್ದರೂ ಬಿಲ್ಲೆ ತೂಕ ತಪ್ಪಿ ಅದುರತೊಡಗುತ್ತದೆ. ಡ್ರೈವ್‌ನ ಬಿಸಿಗೆ ಅಂಟು ಮೆತ್ತಗಾಗಿ ಚೀಟಿಯ ಅಂಚು ಏಳುತ್ತದೆ. ವರ್ಷಗಳು ಕಳೆದಂತೆ ಕಾಗದ ಕುಗ್ಗಿ ಬಿಲ್ಲೆಯನ್ನೇ ಬಾಗಿಸುವುದೂ ಉಂಟು. ಕಿತ್ತು ತೆಗೆದುಬಿಡೋಣವೆಂದರೆ ಅಂಟಿನ ಜೊತೆ ಕನ್ನಡಿಯ ಪದರವೇ ಎದ್ದು ಬರಬಹುದು. ಅಮೆರಿಕದ ಸರ್ಕಾರಿ ಮಾನಕ ಸಂಸ್ಥೆ ಎನ್.ಐ.ಎಸ್.ಟಿ. 2003ರಲ್ಲಿ ಗ್ರಂಥಾಲಯಗಳಿಗಾಗಿ ಹೊರತಂದ ಕೈಪಿಡಿ ಬಹುಕಾಲ ಉಳಿಯಬೇಕಾದ ಬಿಲ್ಲೆಗಳಿಗೆ ಅಂಟುಚೀಟಿ ಕೂಡದು ಎಂದೇ ಹೇಳುತ್ತದೆ. ಕೈಯಿಂದ ಬರೆಯುವುದೇ ಆದರೆ ಮೆತ್ತನೆಯ ತುದಿಯ, ನೀರಿನ ಶಾಯಿಯ ಮಾರ್ಕರ್ ಆದೀತು ಎಂದು ಅದರ ಸಲಹೆ.

ಸಿ.ಡಿ.ಯ ಮೇಲೆ ಭಾರ ಹೇರದೆ, ಒತ್ತದೆ, ಅಂಟು ಬಳಸದೆ ಬರೆಯಬಲ್ಲ ಉಪಕರಣ ಎಷ್ಟೋ ಮನೆಗಳಲ್ಲಿ ಇರುವ ಇಂಕ್‌ಜೆಟ್ ಪ್ರಿಂಟರ್. ಲೇಸರ್ ಪ್ರಿಂಟರ್ ಈ ಕೆಲಸಕ್ಕೆ ಆಗದು. ಅದರೊಳಗೆ ಕಾಗದ ಬಿಸಿ ಉರುಳೆಗಳ ನಡುವೆ ಬಾಗಿ ಬಳುಕಿ ಸಾಗಬೇಕು, ಸಿ.ಡಿ. ಬಾಗದು, ಆ ಬಿಸಿಯನ್ನು ತಾಳುವ ಜಾಯಮಾನವೂ ಅದರದ್ದಲ್ಲ. ಇಂಕ್‌ಜೆಟ್‌ನ ರೀತಿಯೇ ಬೇರೆ. ಅದರ ತಲೆ ಕಾಗದವನ್ನು ಮುಟ್ಟುವುದೇ ಇಲ್ಲ. ಮೇಲಿನಿಂದ ಹನಿ ಸಿಡಿಸುತ್ತ ಅತ್ತಿಂದಿತ್ತ ಓಡಾಡುತ್ತದೆ. ಎಪ್ಸನ್ ಯಂತ್ರಗಳಲ್ಲಿ ವಿದ್ಯುತ್ ತಾಗಿದಾಗ ಸೆಟೆಯುವ ಹರಳು ಶಾಯಿಯನ್ನು ಹೊರದೂಡಿದರೆ, ಕ್ಯಾನನ್ ಮತ್ತು ಎಚ್.ಪಿ. ಯಂತ್ರಗಳಲ್ಲಿ ಶಾಯಿ ಕ್ಷಣಾರ್ಧದಲ್ಲಿ ಕಾದು ಎದ್ದ ಗುಳ್ಳೆ ಅದೇ ಕೆಲಸ ಮಾಡುತ್ತದೆ. ಭಾರತದ ಫೋಟೊ ಸ್ಟುಡಿಯೊಗಳಲ್ಲಿ ಬಹಳ ಕಾಲ ದುಡಿದ ಎಪ್ಸನ್ ಎಲ್ 800 ಯಂತ್ರದ ಅತಿ ಸಣ್ಣ ಹನಿ 1.5 ಪಿಕೋಲೀಟರ್. ಒಂದು ಲೀಟರನ್ನು ಲಕ್ಷ ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ಪಿಕೋಲೀಟರ್.

ಆದರೆ ಯಾವ ಸಿ.ಡಿ.ಯ ಮೇಲಾದರೂ ಈ ಹನಿ ನಿಲ್ಲುತ್ತದೆಯೆ? ಇಲ್ಲ. ಸಾಮಾನ್ಯ ಸಿ.ಡಿ.ಯ ಮೆರುಗೆಣ್ಣೆಯ ಮೇಲೆ ಶಾಯಿ ಕೆಸುವಿನೆಲೆಯ ಮೇಲಿನ ನೀರು. ಮಣಿಮಣಿಯಾಗಿ ನಿಂತು, ಬೆರಳು ಸೋಕಿದರೆ ಅಳಿಸಿಹೋಗುತ್ತದೆ. ಇದಕ್ಕೆಂದೇ ‘ಇಂಕ್‌ಜೆಟ್ ಪ್ರಿಂಟಬಲ್’ ಎಂದು ಹೊದಿಕೆಯ ಮೇಲೆ ನಮೂದಿಸಿದ ಬಿಲ್ಲೆಗಳು ಬರುತ್ತವೆ. ಅವುಗಳ ಬೆನ್ನು ಸುಣ್ಣ ಬಳಿದ ಗೋಡೆಯಂತೆ ಬೆಳ್ಳಗಿದ್ದು, ಹನಿಯನ್ನು ಹೀರಿ ಹಿಡಿದುಕೊಳ್ಳುತ್ತದೆ. ಆ ಬಿಳಿ ಲೇಪ ಕನ್ನಡಿಗೆ ಇನ್ನೊಂದು ಹೊದಿಕೆಯೂ ಆಗುತ್ತದೆ ಎಂಬುದು ಮೇಲು ಲಾಭ. ಕೆಲವು ಬಿಲ್ಲೆಗಳಲ್ಲಿ ಬಿಳಿಯ ಭಾಗ ನಡುವಿನ ರಂಧ್ರದ ಹತ್ತಿರದವರೆಗೂ ಹಬ್ಬಿರುತ್ತದೆ, ಕೆಲವದರಲ್ಲಿ ನಡುವೆ ಅಗಲವಾದ ಬಳೆಯಷ್ಟು ಜಾಗ ಬರಿದಾಗಿರುತ್ತದೆ. ಅಳತೆ ನೋಡದೆ ಮುದ್ರಿಸಿದರೆ ಶಾಯಿ ಬರಿಯ ಪ್ಲಾಸ್ಟಿಕ್ಕಿನ ಮೇಲೂ ಟ್ರೇಯ ಮೇಲೂ ಬಿದ್ದು, ಮುಂದಿನ ಸಿ.ಡಿ.ಯ ಹೊಳೆಯುವ ಮುಖಕ್ಕೆ ಮೆತ್ತಿಕೊಳ್ಳುತ್ತದೆ.

ಪ್ರಿಂಟರ್‌ಗೂ ಯೋಗ್ಯತೆ ಬೇಕು. ಸಿ.ಡಿ. ಬಾಗದ ವಸ್ತುವಾದ್ದರಿಂದ ಅದಕ್ಕೆ ಯಂತ್ರದೊಳಗೆ ನೇರವಾದ ಹಾದಿ ಇರಬೇಕು, ಅದನ್ನು ಕೂರಿಸಲು ಆಯಾ ಮಾದರಿಗೆಂದೇ ಮಾಡಿದ ಟ್ರೇ ಇರಬೇಕು. ಎಪ್ಸನ್‌ನ ಎಲ್ 800, ಎಲ್ 805, ಎಲ್ 8050, ಕ್ಯಾನನ್‌ನ ಪಿಕ್ಸ್ಮಾ ಸರಣಿಯ ಕೆಲವು ಮಾದರಿಗಳಲ್ಲಿ ಈ ಅನುಕೂಲವಿದೆ. ಇಲ್ಲದ ಪ್ರಿಂಟರಿನ ಕಾಗದದ ಬಾಯಿಗೆ ಸಿ.ಡಿ.ಯನ್ನು ತುರುಕಿ ನೋಡುವ ಕುತೂಹಲ ಹುಡುಗರಲ್ಲಿ ಹುಟ್ಟುವುದು ಸಹಜ. ಆ ಕುತೂಹಲದ ಬೆಲೆ ಒಂದು ಪ್ರಿಂಟರ್ ತಲೆ, ಕಟ್ಟುವವರು ಅಪ್ಪ. ಟ್ರೇ ಇರುವ ಎಷ್ಟೋ ಯಂತ್ರಗಳಲ್ಲಿ ಅದು ಮುಂದಿನಿಂದ ಒಳಹೊಕ್ಕು ಹಿಂದಿನಿಂದ ಇಣುಕುತ್ತದೆ. ಪ್ರಿಂಟರನ್ನು ಗೋಡೆಗೆ ಒತ್ತರಿಸಿಟ್ಟರೆ ಟ್ರೇ ಗೋಡೆಗೆ ಗುದ್ದಿ, ಅಕ್ಷರ ಸಾಲು ತಪ್ಪುತ್ತದೆ.

ಕೆಲಸದ ಅನುಕ್ರಮವೂ ಮುಖ್ಯ. ಮೊದಲು ರೈಟ್ ಮಾಡಬೇಕು, ಎಲ್ಲ ಕಡತಗಳೂ ತೆರೆಯುತ್ತವೆಯೇ ಎಂದು ನೋಡಬೇಕು, ಆಮೇಲೆ ಮುದ್ರಣ. ಮೊದಲೇ ಮುದ್ರಿಸಿದರೆ ಕೈಯಾಡಿಸುವಾಗ ಹೊಳೆಯುವ ಮುಖಕ್ಕೆ ಧೂಳು, ಬೆರಳಚ್ಚು ತಗುಲಿ ರೈಟ್ ಆಗುವಾಗಲೇ ತಪ್ಪುಗಳು ನುಸುಳಬಹುದು. ರೈಟ್ ಕೆಟ್ಟರೆ ಬಣ್ಣವೂ ದಂಡ. ಒರೆಸಬೇಕಾದರೆ ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು. ಪಾತ್ರೆ ತಿಕ್ಕುವಂತೆ ಸುತ್ತ ಉಜ್ಜಬಾರದು. ಮಾಹಿತಿ ಸುರುಳಿಯಾಗಿ ಬರೆದಿರುತ್ತದೆ. ಅಡ್ಡ ಬಿದ್ದ ಗೀರಿನಿಂದಾದ ಸಣ್ಣ ನಷ್ಟವನ್ನು ಡ್ರೈವ್ ಲೆಕ್ಕ ಹಾಕಿ ತುಂಬಿಕೊಳ್ಳಬಲ್ಲದು. ಸುರುಳಿಯ ಉದ್ದಕ್ಕೂ ಹರಿದ ಗೀರಿನ ಮುಂದೆ ಅದರ ಲೆಕ್ಕ ಸೋಲುತ್ತದೆ.

ಚಿತ್ರ ಸಿದ್ಧಪಡಿಸುವಾಗ ನೆನಪಿಡಬೇಕಾದ ಅಳತೆ ಎರಡು. ಬಿಲ್ಲೆಯ ವ್ಯಾಸ 120 ಮಿಲಿಮೀಟರ್, ನಡುವಿನ ರಂಧ್ರ 15 ಮಿಲಿಮೀಟರ್. ಇಂಚಿಗೆ 300 ಚುಕ್ಕಿಯ ಲೆಕ್ಕದಲ್ಲಿ ಚಿತ್ರ ಸುಮಾರು 1,417 ಚುಕ್ಕಿ ಅಗಲ, ಅಷ್ಟೇ ಎತ್ತರ ಇರಬೇಕು. ಮದುವೆಯ ಗುಂಪು ಫೋಟೊವನ್ನು ಹಾಗೆಯೇ ಹಾಕಿದರೆ ನಡುವೆ ನಿಂತ ವಧೂವರರೇ ರಂಧ್ರದ ಪಾಲಾಗಿ ಬೀಗರು ಮಾತ್ರ ಉಳಿಯುತ್ತಾರೆ. ಕನ್ನಡದ ಅಕ್ಷರಗಳಿಗೆ ಇನ್ನೊಂದು ಎಚ್ಚರಿಕೆ ಬೇಕು. ಬರಹ, ನುಡಿಗಳ ಹಳೆಯ ಫಾಂಟ್‌ಗಳಲ್ಲಿ ಮಾಡಿದ ಕಡತವನ್ನು ಅಂಗಡಿಗೆ ಒಯ್ದರೆ, ಅಲ್ಲಿ ಆ ಫಾಂಟ್ ಇಲ್ಲದಿದ್ದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಂತೆ ಕಾಣಿಸುತ್ತದೆ. ಮನೆಯಲ್ಲೇ ಚಿತ್ರವಾಗಿ ಉಳಿಸಿ ಒಯ್ಯುವುದು ಕ್ಷೇಮ. ಮುದ್ರಣದ ಸ್ಥಾನ ಸರಿಯಿದೆಯೇ ಎಂದು ತಿಳಿಯಲು ಮೊದಲು ಒಂದು ಹಾಳು ಬಿಲ್ಲೆಯ ಮೇಲೆ ಪರೀಕ್ಷಿಸಬೇಕು. ಮುದ್ರಿಸಿದ ಮೇಲೆ ಒಂದು ದಿನ ನೆರಳಿನಲ್ಲಿ ಒಣಗಲು ಬಿಡಬೇಕು. ಕರಾವಳಿ, ಮಲೆನಾಡುಗಳ ಮಳೆಗಾಲದಲ್ಲಿ ಇನ್ನೊಂದು ದಿನ ಕಾದರೂ ನಷ್ಟವಿಲ್ಲ. ಒಣಗದ ಸಿ.ಡಿ.ಯನ್ನು ಡ್ರೈವ್‌ಗೆ ಹಾಕಬಾರದು, ಪ್ಲಾಸ್ಟಿಕ್ ಚೀಲಕ್ಕೂ ತುಂಬಬಾರದು.

ಬಣ್ಣದ ಹಿನ್ನೆಲೆ, ಹೂಬಳ್ಳಿಗಳಿಗೆ ಎಲ್ಲರೂ ತಲೆಕೆಡಿಸಿಕೊಳ್ಳುತ್ತಾರೆ. ಏನು ಬರೆಯಬೇಕೆಂಬುದಕ್ಕೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ‘ಅಜ್ಜಿ ಹಾಡು’ ಎಂದಷ್ಟೇ ಬರೆದ ಸಿ.ಡಿ. ಇಪ್ಪತ್ತು ವರ್ಷದ ನಂತರ ಕಪಾಟು ಸ್ವಚ್ಛ ಮಾಡುವ ಮೊಮ್ಮಗನ ಕೈಗೆ ಸಿಕ್ಕಾಗ, ಯಾವ ಅಜ್ಜಿ, ಯಾವ ಊರು ಎಂದು ಅವನಿಗೆ ಹೇಳುವವರು ಇರಲಿಕ್ಕಿಲ್ಲ. ಹಾಡಿದವರ ಹೆಸರು, ಊರು, ಧ್ವನಿ ಹಿಡಿದ ದಿನ, ಸಿ.ಡಿ.ಗೆ ಇಳಿಸಿದ ದಿನ, ಒಳಗಿರುವ ಹಾಡುಗಳ ಮೊದಲ ಮಾತು — ಇಷ್ಟಕ್ಕೆ 120 ಮಿಲಿಮೀಟರ್ ಧಾರಾಳ ಸಾಕು. ಇಂಥ ಸಿ.ಡಿ.ಯನ್ನು ಗುಜರಿಗೆ ಹಾಕಬೇಕೋ ಬೇಡವೋ ಎಂಬ ತೀರ್ಮಾನ ಆ ಬೆನ್ನಿನ ಬರಹವನ್ನು ನೋಡಿಯೇ ಆಗುವುದು. ಏಕೆಂದರೆ ಅದನ್ನು ಹಾಕಿ ಕೇಳಿ ನೋಡುವ ಡ್ರೈವ್ ಆ ಮನೆಯಲ್ಲಿ ಇರುವುದು ಅನುಮಾನ.

ಈಗಲೇ ಬಹುತೇಕ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡ್ರೈವ್ ಇಲ್ಲ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯ ವೈಭವ ಮುಗಿದಿದೆ. ರೈಟ್ ಮಾಡುವ ಸಿ.ಡಿ.ಗಳಿಗೆ ಹೆಸರಾದ ಜಪಾನಿನ ತೈಯೋ ಯೂಡೆನ್ 2015ರ ಕೊನೆಗೆ ಆ ವ್ಯಾಪಾರದಿಂದ ಹೊರಬಂತು. ಒಂದು ಕಾಲಕ್ಕೆ ಸಿನಿಮಾ ವಿ.ಸಿ.ಡಿ.ಗಳನ್ನು 28 ರೂಪಾಯಿಗೆ ಮಾರಿದ ಭಾರತದ ಮೋಸರ್ ಬೇರ್ 2018ರಲ್ಲಿ ದಿವಾಳಿಯಾಗಿ ಮುಚ್ಚುವ ಆದೇಶ ಪಡೆಯಿತು. 2025ರ ಫೆಬ್ರವರಿಯಲ್ಲಿ ಸೋನಿ ರೈಟ್ ಮಾಡುವ ಬ್ಲೂ-ರೇ ಬಿಲ್ಲೆಗಳ ತಯಾರಿಕೆ ನಿಲ್ಲಿಸಿತು. ಹೀಗಾಗಿ ಮನೆಯಲ್ಲಿ ಹಾಡೋ ಮದುವೆಯೋ ತುಂಬಿದ ಹಳೆಯ ಸಿ.ಡಿ.ಗಳಿದ್ದರೆ ಅವಕ್ಕೆ ಬಣ್ಣ ಬಳಿಯುವುದು ಎರಡನೆಯ ಕೆಲಸ. ಯು.ಎಸ್.ಬಿ. ತಂತಿಯ ಹೊರ ಡ್ರೈವ್ ಒಂದನ್ನು ಹೊಂದಿಸಿಕೊಂಡು ಒಳಗಿರುವುದನ್ನು ಹಾರ್ಡ್ ಡಿಸ್ಕ್‌ಗೆ ಇಳಿಸಿಕೊಳ್ಳುವುದು ಮೊದಲನೆಯದು. ರೈಟ್ ಮಾಡಿದ ಸಿ.ಡಿ.ಯ ಬಣ್ಣದ ಪದರ ಬಿಸಿಲು, ಸೆಕೆಗಳಲ್ಲಿ ಮಾಸುತ್ತದೆ. ಇಂದು ತೆರೆಯುವ ಬಿಲ್ಲೆ ಬರುವ ಬೇಸಗೆಗೆ ತೆರೆಯದೆ ಹೋಗಬಹುದು.

ಸಿ.ಡಿ. ಮರೆಯಾಗುತ್ತಿದ್ದರೂ ಆ ಟ್ರೇ ಮಾತ್ರ ಬೇರೊಂದು ಉದ್ಯೋಗ ಹಿಡಿದಿದೆ. ಬಾಗದ ಬಿಲ್ಲೆಗೆಂದು ಪ್ರಿಂಟರಿನಲ್ಲಿ ಮಾಡಿದ ನೇರ ಹಾದಿಯಲ್ಲೇ ಈಗ 85.6 ಮಿಲಿಮೀಟರ್ ಉದ್ದ, 54 ಮಿಲಿಮೀಟರ್ ಅಗಲದ ಪ್ಲಾಸ್ಟಿಕ್ ಕಾರ್ಡುಗಳು ಸಾಗುತ್ತವೆ. ಜೆರಾಕ್ಸ್ ಅಂಗಡಿಗಳಲ್ಲಿ, ಸೈಬರ್ ಸೆಂಟರ್‌ಗಳಲ್ಲಿ ಸಿ.ಡಿ.ಯ ಟ್ರೇ ಬದಲು ಕಾರ್ಡಿನ ಟ್ರೇ ಹಾಕಿ ಶಾಲಾ ಮಕ್ಕಳ ಗುರುತಿನ ಚೀಟಿ ಅಚ್ಚಾಗುತ್ತದೆ. ಹನಿ ಅದೇ, ನಿಯಮವೂ ಅದೇ: ಶಾಯಿ ಹೀರುವ ಲೇಪವಿರುವ ಕಾರ್ಡೇ ಆಗಬೇಕು. ಜೂನ್ ತಿಂಗಳ ಮಳೆಯಲ್ಲಿ ನೆನೆದು ಬಂದ ಮಗಳ ಕೊರಳಿನ ಕಾರ್ಡಿನಲ್ಲಿ ಅವಳ ಮುಖ ಮಸಿ ಮೆತ್ತಿದಂತೆ ಕಲಸಿಹೋಗಿದ್ದರೆ, ಅಂಗಡಿಯವನು ಬರಿಯ ಕಾರ್ಡಿಗೆ ಶಾಯಿ ಹಾಯಿಸಿದ್ದಾನೆ, ಇಲ್ಲವೆ ಒಣಗುವ ಮೊದಲೇ ಎಣಿಸಿ ಕೊಟ್ಟಿದ್ದಾನೆ. ಮುಂದಿನ ಸಲ ಮೇಲೆ ಒಂದು ಲ್ಯಾಮಿನೇಷನ್ ಹಾಳೆ ಹಾಕಿಕೊಡಪ್ಪಾ ಎಂದು ಕೇಳಬಹುದು.